ನಾರ್ಫೋಕ್‌ನ ಜೌಗಿನಲ್ಲಿ ನೋಟ್‌ಬುಕ್ ಹಿಡಿದವರ ಜೊತೆ

ಶನಿವಾರ, ವೀಟ್‌ಫೆನ್

ಹೀಥ್ರೋದಿಂದ ನಾರಿಚ್‌ವರೆಗಿನ ಬಸ್ಸಿನ ದಾರಿ ಅರ್ಧ ನಿದ್ದೆಯಲ್ಲೇ ಕಳೆದುಹೋಯಿತು. ಇಂಗ್ಲೆಂಡಿನ ಪೂರ್ವದಲ್ಲಿ ಸಮುದ್ರದ ಕಡೆಗೆ ಉಬ್ಬಿ ನಿಂತಿರುವ ನಾರ್ಫೋಕ್ ಕೌಂಟಿಗೆ ನಾರಿಚ್ ಮುಖ್ಯ ಊರು. ನನ್ನ ತಂಗಿ ಅಲ್ಲಿ ಆಸ್ಪತ್ರೆಯ ಕೆಲಸದಲ್ಲಿದ್ದಾಳೆ. ರಜೆ ಸಿಕ್ಕಿತೆಂದರೆ ನಾರ್ಫೋಕ್ ಅಂಡ್ ನಾರಿಚ್ ನ್ಯಾಚುರಲಿಸ್ಟ್ಸ್ ಸೊಸೈಟಿಯವರ ಜೊತೆ ಜೌಗು, ಕುರುಚಲು ಬಯಲು, ಸಮುದ್ರ ದಂಡೆ ಸುತ್ತುತ್ತಾಳೆ. 1869ರಲ್ಲಿ ಹುಟ್ಟಿದ ಸಂಘ ಅದು. ಊರಿನ ಗಿಡ, ಹಕ್ಕಿ, ಹುಳು, ಅಣಬೆಗಳನ್ನು ನೋಡಿ, ಗುರುತು ಹಿಡಿದು, ಬರೆದಿಡುವುದು ಅದರ ಕೆಲಸ. "ಜೂನ್ ಮಧ್ಯಕ್ಕೇ ಬಾರೇ ಅಕ್ಕಾ, ಸ್ವಾಲೋಟೇಲ್ ಚಿಟ್ಟೆ ಹಾರೋದು ಆಗಲೇ" ಎಂದು ಅವಳು ಹಟ ಹಿಡಿದದ್ದರಿಂದ ಶಾಲೆ ಶುರುವಾದ ತಿಂಗಳಲ್ಲೇ ರಜೆ ಬರೆದುಕೊಟ್ಟು ಹೊರಟಿದ್ದೆ.

ಸಂಘದವರು ಆ ಶನಿವಾರ ಸೇರಿದ್ದು ಸರ್ಲಿಂಗಂ ಹಳ್ಳಿಯ ಪಕ್ಕದ ವೀಟ್‌ಫೆನ್‌ನಲ್ಲಿ. ನಾರಿಚ್‌ನಿಂದ ಕಾರಿನಲ್ಲಿ ಅರ್ಧ ಗಂಟೆಯೂ ಬೇಡ. ಆದರೆ ಕೊನೆಯ ದಾರಿ ಎಂಥದ್ದು ಅಂತೀರಿ! ಎರಡೂ ಕಡೆ ಆಳೆತ್ತರದ ಬೇಲಿ, ನಡುವೆ ಒಂದೇ ಕಾರಿನಗಲದ ಡಾಂಬರು. ಎದುರಿಗೆ ಟ್ರ್ಯಾಕ್ಟರ್ ಬಂದಾಗ ತಂಗಿಯ ಗಂಡ ತುಂಬ ದೂರ ರಿವರ್ಸ್ ಹೋಗಬೇಕಾಯಿತು. ಟ್ರ್ಯಾಕ್ಟರಿನವರು ಸ್ಟೀರಿಂಗ್ ಬಿಡದೆ ಒಂದು ಬೆರಳೆತ್ತಿ ಥ್ಯಾಂಕ್ಸ್ ಹೇಳಿ ಹೋದರು. ಬೇಲಿಯೆಂದರೆ ತಂತಿಯ ಬೇಲಿಯಲ್ಲ, ಹಾಥಾರ್ನ್, ಕಾಡುಗುಲಾಬಿ, ಎಲ್ಡರ್ ಹೆಣೆದುಕೊಂಡ ಜೀವಂತ ಬೇಲಿ. ಎಲ್ಡರ್ ಹೂವು ಬಿಳಿ ಕೊಡೆ ಬಿಚ್ಚಿದ್ದ ಕಾಲ ಅದು.

ವೀಟ್‌ಫೆನ್ ಎಂದರೆ ಟೆಡ್ ಎಲಿಸ್ ಬದುಕಿದ ಜಾಗ. 1909ರಲ್ಲಿ ಹುಟ್ಟಿದ ಅವರು ನಾರಿಚ್ ಕ್ಯಾಸಲ್ ಮ್ಯೂಸಿಯಮ್ಮಿನಲ್ಲಿ ಪ್ರಕೃತಿ ವಿಭಾಗ ನೋಡಿಕೊಳ್ಳುತ್ತಿದ್ದರು. 1946ರಲ್ಲಿ ಹೆಂಡತಿ ಮಕ್ಕಳೊಂದಿಗೆ ಈ ಜೌಗಿನ ಅಂಚಿನ ಮನೆಗೆ ಬಂದು, 1986ರಲ್ಲಿ ತೀರಿಕೊಳ್ಳುವವರೆಗೂ ಇಲ್ಲೇ ಇದ್ದರು. ಊರಿನ ಪತ್ರಿಕೆಗೆ ಪ್ರಕೃತಿಯ ಬಗ್ಗೆ ವರ್ಷಗಟ್ಟಲೆ ಅಂಕಣ ಬರೆದರು. ಅವರ ವಿಶೇಷ ಪ್ರೀತಿ ಎಲೆ, ಕಾಂಡಗಳ ಮೇಲಿನ ಸೂಕ್ಷ್ಮ ಶಿಲೀಂಧ್ರಗಳ ಮೇಲೆ. ನಮ್ಮ ರೈತರು ತುಕ್ಕು ರೋಗ ಅನ್ನುತ್ತಾರಲ್ಲ, ಆ ಕುಲದವನ್ನು ಅವರು ಲೆನ್ಸ್ ಹಿಡಿದು ಹುಡುಕಿ ಹುಡುಕಿ ಬರೆದರು. ಸಂಘದ ಹಿರಿಯರೊಬ್ಬರು ಜೊಂಡಿನ ಎಲೆಯೊಂದನ್ನು ತಿರುಗಿಸಿ, ಹಿಂಬದಿಯ ಕಂದು ಚುಕ್ಕೆಗಳನ್ನು ತೋರಿಸಿ, "ಇದನ್ನೂ ಪಟ್ಟಿಗೆ ಸೇರಿಸೋಣ" ಎಂದರು. ಹಕ್ಕಿ ನೋಡಲು ಬಂದವರು ತಲೆಯೆತ್ತಿ ನಡೆಯುತ್ತಾರೆ. ಇವರೆಲ್ಲ ತಲೆ ಬಗ್ಗಿಸಿ ನಡೆಯುತ್ತಿದ್ದರು.

ಗೇಟಿನ ಬಳಿಯಿಂದ ಮೊದಲ ಸೇತುವೆಯವರೆಗೆ ಹೋಗಲು ಒಂದು ಗಂಟೆ ಹಿಡಿಯಿತು. ಒಬ್ಬರು ಜೀರುಂಡೆಯವರು, ಒಬ್ಬರು ಪಾಚಿ, ಕಲ್ಲುಹೂವಿನವರು, ಇನ್ನೊಬ್ಬರಿಗೆ ಹೂನೊಣಗಳೇ ಜೀವ. ಬಸ್ ಓಡಿಸಿ ನಿವೃತ್ತರಾದವರು, ಬ್ಯಾಂಕಿನವರು, ಇನ್ನೂ ಕಾಲೇಜಿನಲ್ಲಿರುವ ಹುಡುಗಿ, ಹೀಗೆ ನಾನಾ ತರಹದ ಜನ. ಯಾರಿಗೂ ಇದಕ್ಕೆ ಸಂಬಳವಿಲ್ಲ. ಒಬ್ಬರಿಗೆ ಒಂದು ಜೀವಿ ಗೊತ್ತಾಗದಿದ್ದರೆ ನಾಚಿಕೆಯಿಲ್ಲದೆ ಕೂಗಿ ಇನ್ನೊಬ್ಬರನ್ನು ಕರೆಯುತ್ತಿದ್ದರು. ಬಲೆ ಬೀಸಿ ಹಿಡಿದ ನೊಣವನ್ನು ಸಣ್ಣ ಗಾಜಿನ ಕುಪ್ಪಿಗೆ ಹಾಕಿ, ಕೈಯಿಂದ ಕೈಗೆ ದಾಟಿಸಿ, ರೆಕ್ಕೆಯ ನರ ನೋಡಿ, ಮತ್ತೆ ಅದೇ ಹೂವಿನ ಮೇಲೆ ಬಿಡುತ್ತಿದ್ದರು.

ಕಾಲೇಜು ಹುಡುಗಿ ನನಗೆ ದಾಖಲೆಯ ನಾಲ್ಕು ಕಾಲುಗಳನ್ನು ಹೇಳಿಕೊಟ್ಟಳು: ಏನು, ಎಲ್ಲಿ, ಯಾವಾಗ, ನೋಡಿದವರು ಯಾರು. ಒಂದು ಇಲ್ಲದಿದ್ದರೂ ಅದು ದಾಖಲೆಯಾಗುವುದಿಲ್ಲ. 'ಎಲ್ಲಿ' ಎನ್ನುವುದಕ್ಕೆ ಊರಿನ ಹೆಸರು ಸಾಲದು, ನಕ್ಷೆಯ ಚೌಕದ ಅಂಕಿ ಬೇಕು. ಅದರ ಜೊತೆಗೆ ಇವರು ವೈಸ್ ಕೌಂಟಿ ಎಂಬ ಹಳೆಯ ಗಡಿಯನ್ನೂ ಬಳಸುತ್ತಾರೆ. 1852ರಲ್ಲಿ ಎಚ್. ಸಿ. ವಾಟ್ಸನ್ ಎಂಬ ಸಸ್ಯಶಾಸ್ತ್ರಜ್ಞ ಇಡೀ ಗ್ರೇಟ್ ಬ್ರಿಟನ್ನನ್ನು 112 ತುಂಡು ಮಾಡಿದ. ಪೂರ್ವ ನಾರ್ಫೋಕ್ 27, ಪಶ್ಚಿಮ ನಾರ್ಫೋಕ್ 28. ಸರಕಾರ ಜಿಲ್ಲೆಗಳ ಗಡಿಯನ್ನು ಎಷ್ಟು ಸಲ ಬದಲಿಸಿದರೂ ಈ ಗಡಿ ಮಾತ್ರ ಕದಲಿಲ್ಲ. ಹಾಗಾಗಿ ವಿಕ್ಟೋರಿಯಾ ರಾಣಿಯ ಕಾಲದಲ್ಲಿ ಪಾದ್ರಿಯೊಬ್ಬರು ಬರೆದ ಹೂವಿನ ಪಟ್ಟಿಯನ್ನೂ ಇವತ್ತಿನ ಪಟ್ಟಿಯನ್ನೂ ಪಕ್ಕಪಕ್ಕ ಇಟ್ಟು ನೋಡಬಹುದು. ನಮ್ಮಲ್ಲಿ ತಾಲ್ಲೂಕು ಒಡೆದು ಜಿಲ್ಲೆ ಹುಟ್ಟಿದಾಗಲೆಲ್ಲ ಹಳೆಯ ಲೆಕ್ಕ ಹೊಸದಕ್ಕೆ ಹೊಂದದೆ ಕಷ್ಟಪಡುವುದನ್ನು ಕಂಡಿರುವ ನನಗೆ ಈ ಮುಂದಾಲೋಚನೆ ತುಂಬಾ ಹಿಡಿಸಿತು.

ಮಧ್ಯಾಹ್ನ ಮೋಡ ಕವಿದು ಸ್ವಾಲೋಟೇಲ್ ಕಾಣಲಿಲ್ಲ. ಬೆಂಚಿನ ಮೇಲೆ ಕೂತು ತಂಗಿ ಕಟ್ಟಿ ತಂದಿದ್ದ ನಿಂಬೆಹಣ್ಣಿನ ಚಿತ್ರಾನ್ನ ತಿಂದೆವು. ಜೀರುಂಡೆಯವರು ಒಂದು ಚಮಚ ರುಚಿ ನೋಡಿ, ಒಗ್ಗರಣೆಯ ಸಾಸಿವೆಯನ್ನು ಲೆನ್ಸಿನಲ್ಲಿ ನೋಡಿ, ಯಾವ ಜಾತಿಯ ಸಾಸಿವೆ ಎಂದು ಕೇಳಿದರು! ಅವರು ಕೊಟ್ಟ ನಾರ್ಫೋಕ್ ಸ್ಟ್ರಾಬೆರಿ ಬೆರಳಿಗೆಲ್ಲ ಬಣ್ಣ ಹತ್ತುವಷ್ಟು ಕಳಿತಿತ್ತು. ಈ ಕಡೆ ಜೂನ್‌ನಲ್ಲಿ ರಸ್ತೆ ಬದಿ ಮೇಜಿನ ಮೇಲೆ ಸ್ಟ್ರಾಬೆರಿ ಬುಟ್ಟಿ, ಪಕ್ಕದಲ್ಲಿ ದುಡ್ಡಿನ ಡಬ್ಬಿ ಇಟ್ಟಿರುತ್ತಾರೆ, ಕಾಯುವವರು ಇರುವುದಿಲ್ಲ. ಚಿಲ್ಲರೆ ಇಟ್ಟುಕೊಂಡು ಹೋದರೆ ಒಳ್ಳೆಯದು.

ಹೊರಡುವ ಮೊದಲು ಎಲ್ಲರೂ ಕಾಲು ನೋಡಿಕೊಂಡರು, ಉಣ್ಣಿಗಾಗಿ. ಅಲ್ಲಿ ಲೈಮ್ ರೋಗದ ಹೆದರಿಕೆ. ಸಾಗರ ಸೀಮೆಯಲ್ಲಿ ಮಂಗನ ಕಾಯಿಲೆಯ ಸುದ್ದಿ ಕೇಳುತ್ತಲೇ ಬೆಳೆದ ನಮಗಿಬ್ಬರಿಗೂ ಆ ಎಚ್ಚರವನ್ನು ಯಾರೂ ಹೇಳಿಕೊಡಬೇಕಿರಲಿಲ್ಲ. ಪ್ಯಾಂಟನ್ನು ಕಾಲುಚೀಲದೊಳಕ್ಕೆ ತುರುಕಿಕೊಂಡೇ ನಡೆದಿದ್ದೆವು.

ಭಾನುವಾರ, ಹಿತ್ತಲು

ಜೂನ್‌ನಲ್ಲಿ ಇಲ್ಲಿ ಕತ್ತಲಾಗುವಾಗ ರಾತ್ರಿ ಹತ್ತು ದಾಟಿರುತ್ತದೆ. ಶನಿವಾರ ರಾತ್ರಿಯೇ ತಂಗಿ ಹಿತ್ತಲಲ್ಲಿ ಪತಂಗದ ದೀಪ ಹಚ್ಚಿಟ್ಟಿದ್ದಳು. ದೊಡ್ಡ ಡಬ್ಬ, ಮೇಲೆ ಬಲ್ಬು, ಅದರ ಸುತ್ತ ಆಲಿಕೆಯ ಆಕಾರದ ಬಾಯಿ, ಒಳಗೆ ಖಾಲಿ ಮೊಟ್ಟೆ ಟ್ರೇಗಳು. ಬೆಳಕಿಗೆ ಬಂದ ಪತಂಗ ಒಳಗೆ ಜಾರಿ, ಟ್ರೇಯ ಗುಳಿಗಳಲ್ಲಿ ಮುದುಡಿ ಮಲಗುತ್ತದೆ. ಬೆಳಗ್ಗೆ ಎಣಿಸಿ ನೆರಳಲ್ಲಿ ಬಿಡಬೇಕು.

ಬೆಳಗ್ಗೆ ಐದಕ್ಕೆ ಎದ್ದು ಹೋದರೆ ನಮಗಿಂತ ಮೊದಲೇ ರಾಬಿನ್ ಹಕ್ಕಿಯೊಂದು ಬಂದು ಕೂತಿತ್ತು. ಡಬ್ಬದ ಹೊರಗೆ ಹುಲ್ಲಿನ ಮೇಲೆ ಕೂತಿದ್ದ ಪತಂಗಗಳನ್ನೆಲ್ಲ ಆಗಲೇ ನುಂಗಿ ಬರೀ ರೆಕ್ಕೆ ಬಿಟ್ಟಿತ್ತು. ಒಳಗಿನವು ಕ್ಷೇಮವಾಗಿದ್ದವು. ಮೊದಲ ಟ್ರೇ ಎತ್ತಿದಾಗ ಸಿಕ್ಕಿದ್ದು ಎಲಿಫೆಂಟ್ ಹಾಕ್‌ಮಾತ್: ಗುಲಾಬಿ ಮತ್ತು ಆಲಿವ್ ಹಸಿರು, ರೇಷ್ಮೆ ಸೀರೆಯ ಅಂಚಿನ ಹಾಗೆ. ಹುಳುವಾಗಿದ್ದಾಗ ಸೊಂಡಿಲಿನಂಥ ಮೂತಿ ಇರುವುದರಿಂದ ಆ ಹೆಸರು. ಕಂದು, ಬೂದು ಬಣ್ಣದ ಉಳಿದವುಗಳನ್ನೂ ತಂಗಿ ಅಷ್ಟೇ ಶ್ರದ್ಧೆಯಿಂದ ಎಣಿಸಿದಳು. ಬ್ರಿಟನ್ನಿನಲ್ಲಿ 2,500ಕ್ಕೂ ಹೆಚ್ಚು ಜಾತಿಯ ಪತಂಗಗಳಿವೆ. ಕೆಲವನ್ನು ಕಣ್ಣಲ್ಲಿ ನೋಡಿ ಬೇರ್ಪಡಿಸಲು ಬರುವುದೇ ಇಲ್ಲ, ಅಂಥವಕ್ಕೆ ಪುಸ್ತಕದಲ್ಲಿ ಗುಂಪಿನ ಹೆಸರು ಮಾತ್ರ ಬರೆಯುತ್ತಾರೆ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದು ಬರೆಯಲು ಒಂದು ಕ್ರಮಬದ್ಧ ದಾರಿ ಇಟ್ಟುಕೊಂಡಿದ್ದಾರೆ.

ಪಕ್ಕದ ಮನೆಯ ಅಜ್ಜಿ ಬೇಲಿಯ ಮೇಲಿಂದ ಇಣುಕಿ, "ಇವತ್ತು ಏನು ಬಂತು?" ಅಂದರು. ನಿದ್ದೆಗೆ ತೊಂದರೆಯಾಗದಿರಲೆಂದು ದೀಪ ಹಚ್ಚುವ ರಾತ್ರಿ ತಂಗಿ ಅವರಿಗೆ ಮೊದಲೇ ಹೇಳಿರುತ್ತಾಳೆ. ಗುಲಾಬಿ ಪತಂಗವನ್ನು ಅವರ ಬೆರಳಿನ ಮೇಲೆ ಹತ್ತಿಸಿದಳು. ಅದು ರೆಕ್ಕೆ ನಡುಗಿಸಿ ಮೈ ಬಿಸಿ ಮಾಡಿಕೊಂಡು ಹಾರುವವರೆಗೆ ಅವರು ಕೈ ಅಲ್ಲಾಡಿಸಲಿಲ್ಲ.

ಸೋಮವಾರ, ಸ್ಟ್ರ್ಯಾಟನ್ ಸ್ಟ್ರಾಲೆಸ್

ನಾರಿಚ್‌ನ ಉತ್ತರಕ್ಕೆ ಸ್ವಲ್ಪ ದೂರದಲ್ಲಿರುವ ಈ ಹಳ್ಳಿಗೆ ಪ್ರವಾಸಿಗರು ಬರುವುದು ಕಡಿಮೆ. ನನಗೆ ಮಾತ್ರ ಇದನ್ನು ನೋಡದೆ ಹಿಂತಿರುಗುವ ಮನಸ್ಸಿರಲಿಲ್ಲ. ಇಲ್ಲಿಯ ಜಮೀನ್ದಾರ ರಾಬರ್ಟ್ ಮಾರ್ಷಮ್ 1736ರಲ್ಲಿ ವಸಂತದ ಗುರುತುಗಳನ್ನು ಬರೆಯಲು ಶುರು ಮಾಡಿದ. ಸ್ನೋಡ್ರಾಪ್ ಹೂ ಬಿಟ್ಟ ದಿನ, ಓಕ್ ಚಿಗುರಿದ ದಿನ, ಸ್ವಾಲೋ ಹಕ್ಕಿ ಮೊದಲು ಕಂಡ ದಿನ, ಕುಕ್ಕೂ ಮೊದಲು ಕೂಗಿದ ದಿನ, ಕಪ್ಪೆ ವಟಗುಟ್ಟಿದ ದಿನ. 1789ರಲ್ಲಿ ಅದು ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಅಚ್ಚಾಯಿತು. ಮುದಿವಯಸ್ಸಿನಲ್ಲಿ ಸೆಲ್ಬೋರ್ನ್‌ನ ಪ್ರಕೃತಿ ಬರಹಗಾರ ಗಿಲ್ಬರ್ಟ್ ವೈಟ್ ಜೊತೆ ಕಾಗದ ಬರೆದುಕೊಂಡು ಇಬ್ಬರೂ ಗೆಳೆಯರಾದರು. ಮಾರ್ಷಮ್ 1797ರಲ್ಲಿ ತೀರಿಕೊಂಡ. ಆದರೆ ಪುಸ್ತಕ ಮುಚ್ಚಲಿಲ್ಲ. ಮಗ, ಮೊಮ್ಮಗ, ಹೀಗೆ ಮನೆತನದವರು 1958ರವರೆಗೂ ಬರೆಯುತ್ತ ಹೋದರು.

ಕೌಂಟಿಯ ಸಂಘ ಹುಟ್ಟುವುದಕ್ಕೆ ನೂರು ವರ್ಷಕ್ಕೂ ಹಿಂದೆ ಶುರುವಾದ ಅಭ್ಯಾಸ ಅದು. ಓಕ್ ಚಿಗುರಿದ ತಾರೀಖನ್ನು ಬರೆದಾಗ ಹವಾಮಾನ ಬದಲಾವಣೆ ಎಂಬ ಮಾತೇ ಇರಲಿಲ್ಲ. ಇಂದು ವಿಜ್ಞಾನಿಗಳು ಆ ಪಟ್ಟಿಯನ್ನು ಹಿಡಿದು, ಬೆಚ್ಚಗಿನ ವರ್ಷಗಳಲ್ಲಿ ಓಕ್ ಎಷ್ಟು ಬೇಗ ಚಿಗುರುತ್ತದೆ ಎಂದು ಲೆಕ್ಕ ಹಾಕುತ್ತಾರೆ. ಸೀಸನ್‌ವಾಚ್ ಯೋಜನೆಗೆಂದು ನಮ್ಮ ಶಾಲೆಯ ಮಕ್ಕಳು ಅಂಗಳದ ಹುಣಸೆ, ಹಲಸಿನ ಮರಗಳನ್ನು ವಾರವಾರ ನೋಡಿ ಬರೆಯುತ್ತಾರೆ. ಹೋದ ವಾರವೂ ಇದೇ ಇತ್ತಲ್ಲ ಮಿಸ್, ಇವತ್ತೂ ಯಾಕೆ ಬರೀಬೇಕು ಎಂದು ಕೇಳುತ್ತಾರೆ. ಅವರಿಗೆ ತೋರಿಸಲೆಂದು ಚರ್ಚಿನೊಳಗಿನ ಮಾರ್ಷಮ್ ಮನೆತನದ ಕಲ್ಲಿನ ಸಮಾಧಿಗಳ ಫೋಟೋ ತೆಗೆದುಕೊಂಡೆ. ಚರ್ಚ್ ಗುಡಿಸುತ್ತಿದ್ದ ಹೆಂಗಸು, "ಮರ ನೋಡಲು ಬಂದವರಾ?" ಎಂದು ಕೇಳಿ, ಹೊರಗೆ ಬಂದು ಓಕ್‌ಗಳಿರುವ ಕಡೆಗೆ ಕೈ ತೋರಿಸಿದರು. ಈ ವರ್ಷ ಕುಕ್ಕೂ ಕೇಳಿದ್ದೀರಾ ಎಂದೆ. "ಇಲ್ಲ. ನಾನು ಚಿಕ್ಕವಳಿದ್ದಾಗ ಬೇಡಬೇಡ ಅನ್ನುವಷ್ಟು ಕೂಗುತ್ತಿತ್ತು" ಎಂದು ಪೊರಕೆಗೆ ಒರಗಿ ನಿಂತರು.

ಮಂಗಳವಾರ, ಮಳೆ

ನಾರಿಚ್ ಊರೊಳಗೇ ಇರುವ ಮೌಸ್‌ಹೋಲ್ಡ್ ಹೀತ್ ಎಂಬ ಕುರುಚಲು ಬಯಲಿನಲ್ಲಿ ಚಿಟ್ಟೆ ಎಣಿಸಲು ಹೋಗಬೇಕೆಂದಿದ್ದೆವು. 1976ರಿಂದ ಬ್ರಿಟನ್ನಿನಾದ್ಯಂತ ನಡೆಯುತ್ತಿರುವ ಎಣಿಕೆಯ ವಿಧಾನ ಇದು: ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ವಾರಕ್ಕೊಮ್ಮೆ ಅದೇ ದಾರಿಯಲ್ಲಿ ನಡೆಯಬೇಕು, ಐದು ಮೀಟರ್ ಅಗಲದೊಳಗೆ ಕಂಡದ್ದನ್ನು ಮಾತ್ರ ಎಣಿಸಬೇಕು, ಉಷ್ಣಾಂಶ 13 ಡಿಗ್ರಿಗಿಂತ ಕಡಿಮೆಯಿದ್ದರೆ ನಡೆಯುವಂತಿಲ್ಲ. ಮಳೆ ಬಿಡಲಿಲ್ಲ, ನಡೆಯಲಿಲ್ಲ. ಮನೆಯಲ್ಲಿ ಮೆಣಸಿನ ಸಾರು ಕುಡಿದು, ವೀಟ್‌ಫೆನ್‌ನ ಪಟ್ಟಿಯನ್ನು ಜೀವಿಗಳ ದಾಖಲೆ ಸೇರಿಸುವ ಐರೆಕಾರ್ಡ್ ಎಂಬ ಜಾಲತಾಣಕ್ಕೆ ತುಂಬಿಸಿದೆವು. ಅಲ್ಲಿಂದ ಅದು ಕೌಂಟಿ ರೆಕಾರ್ಡರುಗಳ ಮುಂದೆ ಹೋಗುತ್ತದೆ. ಹಕ್ಕಿಗೊಬ್ಬರು, ಜೇಡಕ್ಕೊಬ್ಬರು, ಹೂನೊಣಕ್ಕೊಬ್ಬರು, ಅವರೂ ಸ್ವಯಂಸೇವಕರೇ. ಅವರು ಒಪ್ಪಿದ ಮೇಲೆ ಅದು ದಾಖಲೆ.

ಬುಧವಾರ, ಹಿಕ್ಲಿಂಗ್

ಬೆಳಗ್ಗೆ ತೊಳೆದಿಟ್ಟಂಥ ಆಕಾಶ. ಹಿಕ್ಲಿಂಗ್ ಬ್ರಾಡ್ ದೊಡ್ಡ ಆಳವಿಲ್ಲದ ಸರೋವರ, ಸುತ್ತಲೂ ಮೈಲಿಗಟ್ಟಲೆ ಜೊಂಡು. ಇಲ್ಲಿ ಬ್ರಾಡ್ ಎಂದು ಕರೆಯುವ ಈ ಸರೋವರಗಳೆಲ್ಲ ಸಹಜವಾದವೆಂದೇ ಜನ ಬಹಳ ಕಾಲ ತಿಳಿದಿದ್ದರು. ಮಧ್ಯಯುಗದ ಜನ ಉರುವಲಿಗೆಂದು ಪೀಟ್ ಮಣ್ಣು ತೆಗೆದ ಗುಂಡಿಗಳಲ್ಲಿ ನೀರು ನಿಂತದ್ದರಿಂದ ಹುಟ್ಟಿದವು ಇವು ಎಂದು 1950ರ ದಶಕದಲ್ಲಿ ಜಾಯ್ಸ್ ಲ್ಯಾಂಬರ್ಟ್ ಎಂಬ ಸಸ್ಯಶಾಸ್ತ್ರಜ್ಞೆ ನೆಲ ಕೊರೆದು ಮಣ್ಣಿನ ಪದರ ನೋಡಿ ತೋರಿಸಿಕೊಟ್ಟರು.

ಕಾಲುದಾರಿಯಲ್ಲಿ ಗಾಳಿ ಜೋರಾಗಿತ್ತು. ಗಾಳಿಯಿದ್ದರೆ ಸ್ವಾಲೋಟೇಲ್ ಜೊಂಡಿನೊಳಗೆ ಅಡಗಿರುತ್ತದೆ. ಕಾಯುತ್ತ ನಿಂತಾಗ ಮಾರ್ಷ್ ಹ್ಯಾರಿಯರ್ ಎಂಬ ಬೇಟೆ ಹಕ್ಕಿಯೊಂದು ರೆಕ್ಕೆಗಳನ್ನು ವಿ ಆಕಾರದಲ್ಲಿ ಎತ್ತಿ ತೇಲುತ್ತ ಬಂತು. ಚಳಿಗಾಲದಲ್ಲಿ ಮೈಸೂರಿನ ಹತ್ತಿರದ ಹದಿನಾರು ಎಂಬ ಊರಿನ ಕೆರೆಯ ಮೇಲೆ ನೋಡುವ ಅದೇ ಜಾತಿ. ಇಲ್ಲಿ ಅದು ಗೂಡು ಕಟ್ಟುವ ಮನೆಯ ಹಕ್ಕಿ, ನಮ್ಮಲ್ಲಿ ಬೇರೆ ಸೀಮೆಯಿಂದ ಬರುವ ಅತಿಥಿ. 1971ರಲ್ಲಿ ಇಡೀ ಬ್ರಿಟನ್ನಿನಲ್ಲಿ ಗೂಡು ಕಟ್ಟಿದ್ದು ಪಕ್ಕದ ಸಫೋಕ್‌ನ ಒಂದೇ ಜೋಡಿ. ಈಗ ನಮ್ಮ ಕಣ್ಣೆದುರಿಗೇ ಗಂಡು ಗಾಳಿಯಲ್ಲಿ ಇಲಿಯನ್ನು ಬಿಟ್ಟು, ಹೆಣ್ಣು ತಲೆಕೆಳಗಾಗಿ ಅದನ್ನು ಹಿಡಿಯಿತು. ತಂಗಿ ನನ್ನ ತೋಳು ಹಿಡಿದುಕೊಂಡು, "ಆಹಾರ ಕೊಟ್ಟಿದ್ದು ನೋಡಿದ್ಯಾ! ಗೂಡು ಇಲ್ಲೇ ಎಲ್ಲೋ ಇದೆ" ಎಂದು ಸಮಯ ಬರೆದುಕೊಂಡಳು. ಬರೀ ಹಕ್ಕಿ ಕಂಡಿತು ಎಂದು ಬರೆಯುವುದಕ್ಕೂ ಗೂಡಿನ ಕುರುಹು ಬರೆಯುವುದಕ್ಕೂ ಬಹಳ ವ್ಯತ್ಯಾಸ.

ದಾರಿಯ ಪಕ್ಕದ ಶೆಡ್ಡಿನಲ್ಲಿ ಒಬ್ಬರು ಕುಡುಗೋಲಿಗೆ ಎಣ್ಣೆ ಹಚ್ಚುತ್ತಿದ್ದರು, ಜೊಂಡು ಕೊಯ್ಯುವ ಮನೆತನ. ಚಳಿಗಾಲದಲ್ಲಿ ಜೊಂಡು ಕೊಯ್ದು ಮನೆಯ ಸೂರಿಗೆ ಹೊದಿಸಲು ಕೊಡುತ್ತಾರೆ. ಸೂರಿನ ನೆತ್ತಿಗೆ ಸೆಜ್ ಹುಲ್ಲು, ಅದರ ಕೊಯ್ಲು ಬೇಸಿಗೆಯಲ್ಲಿ, ಕೆಲವು ವರ್ಷಕ್ಕೊಮ್ಮೆ. ನಾನು ಚಿಟ್ಟೆಯ ಮಾತೆತ್ತಿದಾಗ ಅವರು ಶೆಡ್ಡಿನ ಹಿಂದೆ ಕರೆದುಕೊಂಡು ಹೋಗಿ, ಕೊತ್ತಂಬರಿ ಸೊಪ್ಪಿನ ಜಾತಿಯ ಎತ್ತರದ ಗಿಡ ತೋರಿಸಿದರು. ಮಿಲ್ಕ್ ಪಾರ್ಸ್ಲಿ. ಇಲ್ಲಿಯ ಸ್ವಾಲೋಟೇಲ್ ಮೊಟ್ಟೆ ಇಡುವುದು ಇದರ ಮೇಲೆ. "ನಾವು ಕೊಯ್ಯುವುದು ನಿಲ್ಲಿಸಿದರೆ ಇಲ್ಲಿ ವಿಲೋ, ಆಲ್ಡರ್ ಎದ್ದು ಕಾಡಾಗುತ್ತದೆ. ಗಿಡ ನೆರಳಲ್ಲಿ ಸಾಯುತ್ತದೆ, ಚಿಟ್ಟೆಯೂ ಹೋಗುತ್ತದೆ" ಎಂದರು. ಕೇಂಬ್ರಿಜ್ ಕಡೆಯ ವಿಕನ್ ಫೆನ್‌ನಿಂದ ಅದು 1950ರ ದಶಕದಲ್ಲೇ ಮಾಯವಾಯಿತು. ಈಗ ಬ್ರಿಟನ್ನಿನ ಸ್ವಂತ ತಳಿ ಉಳಿದಿರುವುದು ನಾರ್ಫೋಕ್‌ನ ಈ ಜೌಗುಗಳಲ್ಲಿ ಮಾತ್ರ. ಸಮುದ್ರ ಹತ್ತಿರವಿದೆ. 1938ರಲ್ಲಿ ಹಾರ್ಸಿಯ ಬಳಿ ದಂಡೆ ಒಡೆದು ಉಪ್ಪುನೀರು ಒಳನುಗ್ಗಿದ್ದನ್ನು ಅವರ ಅಜ್ಜ ಹೇಳುತ್ತಿದ್ದರಂತೆ. ಉಪ್ಪು ಏರಿದರೆ ಗಿಡಕ್ಕೆ ಎಲ್ಲಿ ಜಾಗ?

ಲೆನ್ಸ್ ಹಿಡಿದು ಬಗ್ಗಿದರೆ ಎಲೆಯ ಮೇಲೆ ಸಾಸಿವೆಗಿಂತ ಚಿಕ್ಕ ಮೊಟ್ಟೆಯೊಂದು! ಮೈಸೂರಿನ ಮನೆಯ ಕರಿಬೇವಿನ ಗಿಡದಲ್ಲಿ ಕಾಮನ್ ಮಾರ್ಮನ್ ಚಿಟ್ಟೆ ಇಡುವ ಮೊಟ್ಟೆಯೂ ಹೀಗೇ ಒಂಟಿಯಾಗಿರುತ್ತದೆ. ಎರಡೂ ಒಂದೇ ಕುಲದವು. ಅಲ್ಲಿ ಅದು ಬೀದಿಬೀದಿಯಲ್ಲಿ ಹಾರುತ್ತದೆ, ಇಲ್ಲಿ ಈ ಒಂದು ಮೊಟ್ಟೆಗಾಗಿ ಜನ ವರ್ಷವಿಡೀ ಹಳ್ಳ ಸವರಿ, ಮರ ಕಡಿದು ದಾರಿ ಮಾಡಿಕೊಡುತ್ತಾರೆ.

ಮೂರು ಗಂಟೆಯ ಹೊತ್ತಿಗೆ ಗಾಳಿ ತಗ್ಗಿತು. ಹಳದಿ ಐರಿಸ್ ಹೂಗಳ ಮೇಲಿಂದ ಒಂದು ಎದ್ದಿತು. ತಿಳಿಹಳದಿ ರೆಕ್ಕೆಗೆ ಕಪ್ಪು ಗೆರೆ, ಹಿಂದೆ ನೀಲಿ ಪಟ್ಟಿ, ಬಾಲದ ಬಳಿ ಕೆಂಪು ಬೊಟ್ಟು. ಥಿಸಲ್ ಹೂವಿಗೆ ಇಳಿದು, ರೆಕ್ಕೆ ಬಡಿಯುತ್ತಲೇ ಮಕರಂದ ಹೀರಿತು. ನಮ್ಮ ಪಕ್ಕ ನಿಂತಿದ್ದ ಅಪರಿಚಿತ ದಂಪತಿ ದೂರದ ವೇಲ್ಸ್‌ನಿಂದ ಇದನ್ನೊಂದು ನೋಡಲೆಂದೇ ಬಂದಿದ್ದರು, ಆ ಹೆಂಗಸಿನ ಕಣ್ಣಲ್ಲಿ ನೀರು. ನನಗೂ ಗಂಟಲು ಕಟ್ಟಿತು. ಮೇ ಕೊನೆಯಿಂದ ಜುಲೈ ಮೊದಲವರೆಗೆ ಇದರ ಕಾಲ. ಬಿಸಿಲಿರುವ, ಗಾಳಿಯಿಲ್ಲದ ದಿನ ಆರಿಸಿಕೊಳ್ಳಿ, ಸಂಜೆಯವರೆಗೆ ಕಾಯುವ ತಾಳ್ಮೆ ಇರಲಿ. ಹಿಂದಿರುಗುವಾಗ ಹಳ್ಳದ ಮೇಲೆ ಹಸಿರು ಕಣ್ಣಿನ ಕಂದು ಏರೋಪ್ಲೇನ್ ಚಿಟ್ಟೆಯೂ ಸಿಕ್ಕಿತು, ಈ ಕೌಂಟಿಯ ಹೆಸರೇ ಹೊತ್ತ ನಾರ್ಫೋಕ್ ಹಾಕರ್.

ಶುಕ್ರವಾರ, ಕ್ಲೈ

ಉತ್ತರದ ಸಮುದ್ರ ದಂಡೆಗೆ ಹೊರಟಾಗ ನಾರಿಚ್‌ನಲ್ಲಿ ಬಿಸಿಲು, ಕ್ಲೈ ಹಳ್ಳಿಯಲ್ಲಿ ಇಳಿದಾಗ ಸಮುದ್ರದ ಮಂಜು. ಗಾಳಿಗಿರಣಿಯ ರೆಕ್ಕೆಯೂ ಕಾಣದಷ್ಟು. ಬೇಸಿಗೆಯೆಂದು ನಂಬಿ ಬಂದರೆ ಚಳಿ ಹಿಡಿಯುತ್ತದೆ, ಸ್ವೆಟರ್ ಬೇಕೇ ಬೇಕು.

1926ರಲ್ಲಿ ಇಲ್ಲಿಯ ಜೌಗು ಹರಾಜಿಗೆ ಬಂದಾಗ ನಾರಿಚ್‌ನ ವೈದ್ಯ ಸಿಡ್ನಿ ಲಾಂಗ್ ಗೆಳೆಯರನ್ನು ಕೂಡಿಸಿ 5,160 ಪೌಂಡ್ ಕೊಟ್ಟು ಹಕ್ಕಿಗಳಿಗಾಗಿ ಕೊಂಡರು. ಅದನ್ನು ನೋಡಿಕೊಳ್ಳಲೆಂದು ಹುಟ್ಟಿದ ಟ್ರಸ್ಟ್ ಇಂಗ್ಲೆಂಡಿನ ಕೌಂಟಿ ವನ್ಯಜೀವಿ ಟ್ರಸ್ಟುಗಳಲ್ಲಿ ಮೊದಲನೆಯದು. ಹಕ್ಕಿ ಎಣಿಸಿ ಬರೆಯುತ್ತಿದ್ದವರಿಗೆ ಯಾವ ಜಾಗ ಕೈಬಿಟ್ಟರೆ ಏನು ಹೋಗುತ್ತದೆ ಎಂಬುದು ಗೊತ್ತಿತ್ತು, ಆದ್ದರಿಂದ ಹರಾಜಿನ ದಿನ ಹಿಂಜರಿಯಲಿಲ್ಲ.

ಮಂಜಿನಲ್ಲಿ ಕಿವಿಯಿಂದಲೇ ಕೆಲಸ. ಅವೊಸೆಟ್‌ಗಳ ಕ್ಲೀಟ್ ಕ್ಲೀಟ್, ಜೊಂಡಿನೊಳಗಿನ ವಾರ್ಬ್ಲರ್‌ಗಳ ಗಡಿಬಿಡಿ. ತಂಗಿ ಕಣ್ಣು ಮುಚ್ಚಿ ಕೇಳಿ ಒಂದೊಂದನ್ನೇ ಬರೆದಳು. ದಂಡೆಯ ಕಲ್ಲುಗುಂಡಿನ ರಾಶಿಯ ಮೇಲೆ ನಡೆಯುವುದು ಮಾತ್ರ ಕಷ್ಟ, ಒಂದು ಹೆಜ್ಜೆಗೆ ಅರ್ಧ ಹಿಂದೆ ಜಾರುತ್ತದೆ. ನಾಯಿ ಕರೆದುಕೊಂಡು ಬಂದ ಮುದುಕರೊಬ್ಬರು 1953ರ ಜನವರಿ 31ರ ರಾತ್ರಿಯ ಪ್ರವಾಹದ ಮಾತು ತೆಗೆದರು. ಅವರಿಗಾಗ ನಾಲ್ಕು ವರ್ಷ. ಅಪ್ಪ ಮೆಟ್ಟಿಲ ಮೇಲೆ ಎತ್ತಿ ಕೂರಿಸಿದ್ದು ಮಾತ್ರ ನೆನಪಿದೆಯಂತೆ. 2013ರ ಡಿಸೆಂಬರಿನಲ್ಲಿ ಮತ್ತೆ ಸಮುದ್ರ ಈ ಕಲ್ಲುದಂಡೆ ದಾಟಿತು. "ಜೌಗು ಚೇತರಿಸಿಕೊಂಡಿತು, ನಾನು ಪ್ರತಿ ದಿನ ನೋಡಿದ್ದೇನೆ" ಎಂದರು. ನೋಡಿದ್ದನ್ನು ಬರೆದಿದ್ದೀರಾ ಎಂದು ತಂಗಿ ಕೇಳಿದಳು. ಅವರು ಕೋಟಿನ ಜೇಬಿನಿಂದ ರಬ್ಬರ್ ಬ್ಯಾಂಡ್ ಸುತ್ತಿದ ಪುಟ್ಟ ಡೈರಿ ತೆಗೆದರು. ಬೆಳಗ್ಗೆ, ಸಂಜೆ, ಗಾಳಿಯ ದಿಕ್ಕು, ಹಕ್ಕಿಗಳ ಹೆಸರು, ಪುಟ ತುಂಬಾ. ಮನೆಯಲ್ಲಿ ಇಂಥ ಡೈರಿಗಳ ಪೆಟ್ಟಿಗೆಯೇ ಇದೆಯಂತೆ. ತಂಗಿ ಅಲ್ಲೇ ಕಲ್ಲಿನ ಮೇಲೆ ಕೂತು, ಸಂಘದವರು ಬಂದು ಅವನ್ನು ನಕಲು ಮಾಡಿಕೊಳ್ಳಬಹುದೇ ಎಂದು ಕೇಳಿ, ಫೋನ್ ನಂಬರ್ ಬರೆದುಕೊಂಡಳು. ಸಂಜೆಯ ಬಸ್ಸು ಬೇಗ ನಿಂತುಹೋಗುತ್ತದೆ, ಅದಕ್ಕೆ ಓಡಬೇಕಾಯಿತು. ಓಡುವ ಮೊದಲು ಅಂಗಡಿಯಲ್ಲಿ ಸ್ಯಾಂಫೈರ್ ಕೊಂಡೆವು. ಉಪ್ಪುಜೌಗಿನಲ್ಲಿ ಬೆಳೆಯುವ ಎಳೆ ಹಸಿರು ಕಡ್ಡಿ, ಬೆಣ್ಣೆಯಲ್ಲಿ ಬಾಡಿಸಿದರೆ ಉಪ್ಪು ಹಾಕುವುದೇ ಬೇಡ. ಮನೆಗೆ ಬಂದು ಬೆಳ್ಳುಳ್ಳಿ ಒಗ್ಗರಣೆಯಲ್ಲಿ ಪಲ್ಯ ಮಾಡಿ ಅನ್ನದ ಜೊತೆ ತಿಂದೆವು.

ಊಟದ ಮಧ್ಯೆ ಐರೆಕಾರ್ಡ್‌ನ ಉತ್ತರಗಳು ಬಂದವು. ವೀಟ್‌ಫೆನ್‌ನ ಪಟ್ಟಿಯಲ್ಲಿ ಹೆಚ್ಚಿನವು ಸ್ವೀಕೃತ. ಒಂದು ಹೂನೊಣವನ್ನು ಮಾತ್ರ ರೆಕಾರ್ಡರು ತಡೆಹಿಡಿದಿದ್ದರು: ಫೋಟೋದಲ್ಲಿ ಕಾಲಿನ ಬಣ್ಣ ಕಾಣುತ್ತಿಲ್ಲ, ಇದನ್ನೇ ಹೋಲುವ ಇನ್ನೊಂದು ಜಾತಿಯಿದೆ, ಸದ್ಯಕ್ಕೆ ಕುಲದ ಹೆಸರಿನಲ್ಲಿ ಇಡೋಣ, ಮುಂದಿನ ಸಲ ಪಕ್ಕದಿಂದ ಫೋಟೋ ತೆಗೆಯಿರಿ, ಜಾಗ ಚೆನ್ನಾಗಿ ಗುರುತಿಸಿದ್ದೀರಿ, ಧನ್ಯವಾದ. ತಂಗಿ ಕೈ ತೊಳೆದು ಬಂದು, ಜಾತಿಯ ಹೆಸರು ತೆಗೆದು, ಕುಲದ ಹೆಸರು ಬರೆದು ಕಳಿಸಿದಳು.